ನೀರಿನ ಮೆಸೇಜಿಗೆ ಬಾರದ ಉತ್ತರ

ನಮ್ಮ ಓಣಿಗೆ ನಳದ ನೀರು ಬರುವುದು ಐದು ದಿನಕ್ಕೊಮ್ಮೆ, ಒಮ್ಮೊಮ್ಮೆ ಎಂಟು ದಿನಕ್ಕೊಮ್ಮೆ. ಇಂಥ ದಿನ ಅಂತ ಹೇಳುವವರಿಲ್ಲ. ಬಂದರೆ ನಸುಕಿನ ನಾಲ್ಕೂವರೆ ಐದರ ಸುಮಾರಿಗೆ ಬರುತ್ತದೆ. ಬರುವ ಮೊದಲು ನಳ ಒಂದು ಸಲ ಕೆಮ್ಮುತ್ತದೆ, ಆಮೇಲೆ ಬುಸ್ ಅನ್ನುತ್ತದೆ. ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದು ಇಪ್ಪತ್ನಾಲ್ಕು ವರ್ಷ. ಅಷ್ಟರಲ್ಲಿ ಆ ಕೆಮ್ಮಿಗೆ ನನ್ನ ಕಿವಿ ಎಷ್ಟು ಹೊಂದಿಕೊಂಡಿದೆಯೆಂದರೆ ಅಲಾರಾಮೇ ಬೇಡ. ನೀರು ಬರಲಿ ಬಿಡಲಿ, ನಾಲ್ಕೂವರೆಗೆ ಎದ್ದು ಹಿತ್ತಲಿಗೆ ಹೋಗಿ ನಳ ತಿರುವಿ ನೋಡುತ್ತೇನೆ. ಓಣಿಯ ಹೆಂಗಸರೆಲ್ಲ ನೋಡುತ್ತಾರೆ. ಯಾರ ಮನೆಯಲ್ಲಿ ಮೊದಲು ಕೊಡದ ಸದ್ದು ಕೇಳಿತೋ ಉಳಿದವರೆಲ್ಲ ಓಡುತ್ತಾರೆ.

ಮಗಳು ಎಂ.ಎಸ್ಸಿ. ಸೇರಿ ಧಾರವಾಡದ ಹಾಸ್ಟೆಲ್ಲಿಗೆ ಹೋದ ಮೇಲೆ ಇದಕ್ಕೆ ಇನ್ನೊಂದು ರೂಢಿ ಅಂಟಿಕೊಂಡಿತು. ನೀರು ಬಂದರೆ ಪೈಪನ್ನು ಟಾಕಿಗೆ ಹಚ್ಚಿ, ಸೆರಗಿಗೆ ಕೈ ಒರೆಸಿಕೊಂಡು, ಮೊಬೈಲಿನಲ್ಲಿ ಆಕೆಗೆ ‘ನೀರು ಬಂತು’ ಅಂತ ಬರೆಯುವುದು. ಬರದಿದ್ದರೆ ‘ಇವತ್ತೂ ಇಲ್ಲ’. ಅಷ್ಟೇ. ಮಗಳಿಲ್ಲದ ಮನೆಯಲ್ಲಿ ಆ ಹೊತ್ತಿಗೆ ಮಾತಾಡಲು ನನಗೆ ಬೇರೆ ಯಾರಿದ್ದರು? ಕಳಿಸಿ ಒಂದು ನಿಮಿಷ ಆಗುವುದರೊಳಗೆ ಉತ್ತರ ಬರುತ್ತಿತ್ತು. ಒಂದು ಸೂರ್ಯನ ಚಿತ್ರ. ಒಮ್ಮೊಮ್ಮೆ ಅದರ ಕೆಳಗೆ, ‘ಟಾಕಿ ತುಂಬಿಸ್ಕೋ ಮಮ್ಮಿ, ಬ್ಯಾರಲ್ ಮರೀಬ್ಯಾಡ.’

ನನಗಾದ ಹಿಗ್ಗು ಎಷ್ಟಂತೀರಿ. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ, ಅಲ್ಲಿಯ ಹಾಸ್ಟೆಲ್ಲಿನಲ್ಲೇ ಇದ್ದು ಓದಿದವಳು. ಐದಕ್ಕೆ ಗಂಟೆ ಬಾರಿಸುತ್ತಿತ್ತು. ಸಿಸ್ಟರ್ ಕದ ತೆರೆಯುವುದರೊಳಗೆ ಹಾಸಿಗೆಯ ಚಾದರ ಸುಕ್ಕಿಲ್ಲದೆ ಎಳೆದಿರಬೇಕು, ಎರಡೂ ಜಡೆ ಹೆಣೆದಿರಬೇಕು. ನಸುಕಿನಲ್ಲಿ ಏಳುವ ಹುಡುಗಿಯ ಬಗ್ಗೆ ಇನ್ನೇನೂ ಕೇಳಬೇಕಾಗಿಲ್ಲ ಅಂತ ಆಗಲೇ ನನ್ನ ತಲೆಯಲ್ಲಿ ಕುಂತುಬಿಟ್ಟಿತ್ತು. ಮಗಳು ನಾಲ್ಕೂವರೆಗೆ ಎದ್ದು ಓದುತ್ತಾಳೆ ಅಂತ ಓಣಿಗೆಲ್ಲ ಹೇಳಿದೆ. ಹೊಲಿಗೆ ಕ್ಲಾಸಿನಲ್ಲಿ ಹೇಳಿದೆ. ನರಗುಂದದ ತವರಿಗೆ ಫೋನು ಮಾಡಿ ಹೇಳಿದೆ. ಎದುರುಮನೆಯಾಕಿ ತನ್ನ ಮಗನನ್ನು ಎಬ್ಬಿಸುವಾಗ, ‘ಆ ಅಕ್ಕನ್ನ ನೋಡಿ ಕಲಿ’ ಅಂತ ಬೈಯುವುದು ಓಣಿಯಾಚೆಯಿಂದ ಕೇಳಿಸುತ್ತಿತ್ತು. ಕೇಳಿದಾಗೆಲ್ಲ ನನ್ನ ಕೊಡ ಹಗುರಾಗುತ್ತಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಮಗಳ ಗೆಳತಿಯ ಫೋನು ಬಂತು.

“ಆಂಟಿ, ಗಾಬರಿ ಆಗಬ್ಯಾಡ್ರಿ. ಲ್ಯಾಬಿನ್ಯಾಗ ನಿಂತಾಕಿ ನಿಂತಂಗ ಬಿದ್ಲು. ಈಗ ಎದ್ದು ಕುಂತಾಳ, ಗ್ಲುಕೋಸ್ ಕುಡಿಸೇವಿ.”

ನಮ್ಮ ಮನೆಯವರು ಅಂಗಡಿಯ ಬಾಗಿಲು ಎಳೆದು, ಉಂಡ ಕೈ ಸರಿಯಾಗಿ ತೊಳೆದರೋ ಇಲ್ಲವೋ, ಧಾರವಾಡಕ್ಕೆ ಹೊರಟರು. ಮರುದಿನ ಆಕೆಯನ್ನು ಕರಕೊಂಡು ಬರುವಾಗ ದಾರಿಯಲ್ಲಿ ನರಗುಂದದಲ್ಲಿ ಇಳಿದು ನಮ್ಮ ತವರಲ್ಲಿ ಚಹಾ ಕುಡಿದರಂತೆ. ಅಜ್ಜಿ ಮುಂದಿಟ್ಟ ಅವಲಕ್ಕಿಯನ್ನು ಹುಡುಗಿ ಕೈಯಿಂದ ಮುಟ್ಟಲಿಲ್ಲ, ಮೊಬೈಲಿನಿಂದ ಕಣ್ಣು ಎತ್ತಲಿಲ್ಲ. ರೋಣದಲ್ಲಿ ಗುರುತಿನ ಡಾಕ್ಟರರ ದವಾಖಾನಿಗೆ ತೋರಿಸಿದರು. ಅವರು ರಕ್ತ ನೋಡಿದರು, ಬಿ.ಪಿ. ನೋಡಿದರು, ಕಣ್ಣಿನ ರೆಪ್ಪೆ ಜಗ್ಗಿ ನೋಡಿದರು. ಎಲ್ಲ ಚಲೋ ಐತಿ, ನಿದ್ದಿ ಅಷ್ಟ ಇಲ್ಲ ಅಂದರು. “ರಾತ್ರಿ ಎಷ್ಟಕ್ಕ ಮಲಗ್ತಿವಾ?” ಅಂತ ಕೇಳಿದ್ದಕ್ಕೆ ಮಗಳು ಏನಂದಳು ಅನ್ನುವುದನ್ನು ನಮ್ಮ ಮನೆಯವರು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಕಾಲಲ್ಲಿಯ ಚಪ್ಪಲಿ ಸಹ ಬಿಡದೆ ಹೇಳಿದರು.

“‘ಮಮ್ಮಿ ಮೆಸೇಜ್ ಬಂದ ಮ್ಯಾಲ ಮಲಗ್ತೀನ್ರಿ’ ಅಂದ್ಲು.”

ನನ್ನ ಕೈಯಲ್ಲಿ ರೊಟ್ಟಿ ಹಿಟ್ಟಿತ್ತು. ಹಾಗೇ ಇತ್ತು. ಒಲೆಯ ಮೇಲೆ ಹಂಚು ಕಾದು ಹೊಗೆ ಬಂದ ಮೇಲೆ ಎಚ್ಚರಾಯಿತು. ಎಂಟು ತಿಂಗಳಿಂದ ಆ ಸೂರ್ಯನ ಚಿತ್ರ ನೋಡಿ ನಾನು ಹಿಗ್ಗಿದ್ದು, ರಾತ್ರಿಯೆಲ್ಲ ರೆಪ್ಪೆ ಹಚ್ಚದ ಹುಡುಗಿ ಮಲಗುವ ಮುಂಚೆ ಕಳಿಸಿದ್ದನ್ನು.

ಆಕೆಗೆ ಎರಡನೇ ಸೆಮಿಸ್ಟರಿನ ಪರೀಕ್ಷೆಗೆ ಇಪ್ಪತ್ತೆರಡು ದಿನ ಉಳಿದಿದ್ದವು. ಬಂದ ರಾತ್ರಿಯೇ ಹೇಳಿಬಿಟ್ಟಳು, “ನಾ ಹೋಗಂಗಿಲ್ಲ ಮಮ್ಮಿ.” ಯಾಕೆ ಅಂದರೆ, “ಸುಮ್ನ.” ಏನಾಗೇದ ಅಂದರೆ, “ಏನಿಲ್ಲ.” ಯಾರಾದರೂ ಏನಾದರೂ ಅಂದರಾ ಅಂದರೆ, “ಯಾರೂ ಏನೂ ಅಂದಿಲ್ಲ, ನೀ ಬಿಡು.” ಈ ಮೂರು ಉತ್ತರ ಬಿಟ್ಟರೆ ನಾಲ್ಕನೆಯದು ಆಕೆಯ ಹತ್ತಿರ ಇರಲಿಲ್ಲ. ಮಲಗಿದರೂ ಬೆರಳು ಮೊಬೈಲಿನ ಮೇಲೆ ಕೆಳಗಿನಿಂದ ಮೇಲಕ್ಕೆ, ಕೆಳಗಿನಿಂದ ಮೇಲಕ್ಕೆ. ಏನು ನೋಡುತ್ತಾಳೆ ಅಂತ ಬಗ್ಗಿ ನೋಡಿದೆ: ಯಾರೋ ಕೇಕು ಕೊಯ್ಯುತ್ತಿದ್ದರು, ಬೆಕ್ಕು ಜಿಗಿಯುತ್ತಿತ್ತು, ಯಾವುದೋ ದೇಶದಲ್ಲಿ ಯಾರೋ ಜಮಖಾನೆ ತೊಳೆಯುತ್ತಿದ್ದರು. ಇದಕ್ಕೆ ನಿದ್ದೆ ಕೊಟ್ಟಳೇ ಅನ್ನಿಸಿತು.

ಆಗ ನಾನು ಮಾಡಿದ ಕೆಲಸ ನೆನೆದರೆ ಈಗ ನಗು ಬರುತ್ತದೆ. ಆಕೆ ಜಳಕಕ್ಕೆ ಹೋದಾಗ ಮೊಬೈಲು ತೆಗೆದು, ಹಳೆಯ ದಿಂಬಿನ ಚೀಲದಲ್ಲಿ ಸುತ್ತಿ, ಜೋಳದ ಡ್ರಮ್ಮಿನೊಳಗೆ ಮೊಳಕೈವರೆಗೂ ಕೈ ಇಳಿಸಿ ಹುಗಿದುಬಿಟ್ಟೆ. ಜೋಳದೊಳಗೆ ಬೇವಿನ ಎಲೆ ಇಟ್ಟಿರುತ್ತೇವಲ್ಲ, ಅದರ ಪಕ್ಕಕ್ಕೆ. ಹೊರಗೆ ಬಂದ ಮಗಳು ಹುಡುಕಿದಳು, ಕೇಳಿದಳು, ಆಮೇಲೆ ಕೇಳುವುದನ್ನೂ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ನಿದ್ದೆ ಮಾಡಲಿಲ್ಲ. ಕಾಲಿನ ಹೆಬ್ಬೆರಳು ಮಾತ್ರ ಅಲುಗುತ್ತಿತ್ತು, ಅದಕ್ಕೂ ಏನೋ ಮೇಲೆ ಸರಿಸುವ ಚಟ ಹತ್ತಿದ ಹಾಗೆ.

ಸಂಜೆ ಎದುರುಮನೆಯಾಕಿ ಜೋಳದ ಹಿಟ್ಟಿಗೆ ಜರಡಿ ಕೇಳಲು ಬಂದಿದ್ದಳು. ಪಡಸಾಲೆಯಲ್ಲಿ ನಿಂತು ಮಾತಾಡುತ್ತಿದ್ದಾಗ ಡ್ರಮ್ಮಿನೊಳಗಿಂದ ಹಾಡು ಶುರುವಾಯಿತು. ತಗಡಿನ ಡ್ರಮ್ಮು, ಸದ್ದು ದೊಡ್ಡದಾಗಿಯೇ ಬಂತು.

“ಯವ್ವಾ, ಜ್ವಾಳಕ್ಕೂ ರಿಂಗ್‌ಟೋನ್ ಹಾಕಿಸೀರೇನ್ರಿ?” ಅಂದಳು ಆಕೆ.

ಪಡಸಾಲೆಯ ಮೂಲೆಯಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದ ನನ್ನ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಮಗಳು ಒಳಗಿಂದ ಎದ್ದು ಬಂದು, ಯಾರ ಮುಖವನ್ನೂ ನೋಡದೆ, ಡ್ರಮ್ಮಿಗೆ ಕೈ ಹಾಕಿ ತನ್ನದನ್ನು ತಗೊಂಡು ಹೋದಳು. ಆಕೆಯ ತೋಳಿಗೆ ಜೋಳದ ಧೂಳು ಬಿಳಿಯಾಗಿ ಮೆತ್ತಿಕೊಂಡಿತ್ತು. ಒರೆಸಿಕೊಳ್ಳಲೂ ಇಲ್ಲ. ಅದನ್ನು ನೋಡಿ ನನಗೆ ಏನೋ ಆಯಿತು. ಏನಾಯಿತು ಅಂತ ಯಾರಾದರೂ ಕೇಳಿದ್ದರೆ ನಾನೂ ‘ಏನಿಲ್ಲ’ ಅನ್ನುತ್ತಿದ್ದೆ.

ಎದುರುಮನೆಯಾಕಿ ಹೋದ ಮೇಲೆ ಅತ್ತೆ ನನ್ನನ್ನು ಕರೆದರು. ಅವರು ಸೂಡಿ ಅನ್ನುವ ಊರಿನ ಹೆಣ್ಣುಮಗಳು, ಮೂರನೇ ಇಯತ್ತೆ ಓದಿದವರು. ಮಗಳು ಅವರನ್ನು ‘ಆಯಿ’ ಅಂತ ಕರೆಯುತ್ತಾಳೆ.

“ಕೈಯಾಗಿಂದ ಕಸಗೊಂಡ್ರ ಕೈ ಖಾಲಿ ಆತು. ಖಾಲಿ ಕೈ ಏನ್ ಮಾಡ್ಬೇಕು? ಏನರ ಕೊಡ ಅದಕ್ಕ.”

“ಏನ ಕೊಡ್ಲಿರಿ ಅತ್ತಿ?”

“ಅಟ್ಟದ ಮ್ಯಾಲ ಹಳೇ ಸೀರಿ ಗಂಟು ಅದಾವಲ್ಲ, ಇಳಸು. ಬ್ಯಾಸಗಿ ಐತಿ, ಒಂದ ಕೌದಿ ಹಾಕೋಣು.”

ಕೌದಿ ಅಂದರೆ ನಮ್ಮ ಕಡೆಯ ಹೊದಿಕೆ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಕೈಯಿಂದಲೇ ಹೊಲಿಯುವುದು. ಅಂಚಿನಿಂದ ಶುರು ಮಾಡಿ, ಹೊಲದ ಸಾಲಿನ ಹಾಗೆ ಒತ್ತೊತ್ತಾಗಿ ಹೊಲಿಗೆ ಹಾಕುತ್ತ ನಡುವಿಗೆ ಬರಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಮೂರು ಮಂದಿ ಮೂರು ಕಡೆ ಕೂರಬೇಕು. ಕಾನ್ವೆಂಟಿನಲ್ಲಿ ನನಗೆ ಕರವಸ್ತ್ರದ ಮೇಲೆ ಸಣ್ಣ ನೀಲಿ ಹೂ ಕಸೂತಿ ಹಾಕಲು ಕಲಿಸಿದ್ದರು. ಕೌದಿಯ ಸೂಜಿ ನನ್ನ ಕೈಗೆ ಇಂದಿಗೂ ದಬ್ಬಳದ ಹಾಗೆ. ಆದರೂ ಕೂತೆ. ಅತ್ತೆ ಮೊಮ್ಮಗಳಿಗೆ ಹೇಳಿದ್ದು ಇಷ್ಟೇ: “ಏ ಹುಡುಗಿ, ನನ್ನ ಕಣ್ಣಿಗೆ ಸೂಜಿ ಕಾಣಂಗಿಲ್ಲ. ದಾರ ಪೋಣಿಸಿ ಕೊಡು, ಸಾಕು.”

ದಾರ ಪೋಣಿಸಲು ಬಂದವಳು ಮೊದಲ ದಿನ ಹತ್ತು ನಿಮಿಷ ಕೂತಳು. ಮೊಬೈಲು ಮಡಿಲಲ್ಲೇ ಇತ್ತು, ಯಾರೂ ಏನೂ ಅನ್ನಲಿಲ್ಲ. ಮರುದಿನ ಒಂದು ತಾಸು. ಮೂರನೆಯ ದಿನ ಮೊಬೈಲು ಚಾರ್ಜಿಗೆ ಹೋಗಿತ್ತು, ಸೂಜಿ ಆಕೆಯ ಕೈಗೆ ಬಂದಿತ್ತು. ಅತ್ತೆ ಒಂದೊಂದು ತುಂಡು ಇಡುವಾಗಲೂ ಅದರ ಕಥೆ ಹೇಳುತ್ತಿದ್ದರು. ಅವರ ಕಥೆಯಲ್ಲಿ ಏನಾಯಿತು ಅನ್ನುವುದು ಕಡಿಮೆ, ಎಲ್ಲಿ ಆಯಿತು ಅನ್ನುವುದು ಹೆಚ್ಚು. ಮೈಯಲ್ಲಿ ಎಲ್ಲಿ ಅಂತ.

“ಈ ಹಸರ ಸೀರಿ ಉಟ್ಟಿದ್ದೆ ನೋಡು, ನಿಮ್ಮಪ್ಪನ್ನ ಮೊದಲ ದಿನ ಸಾಲಿಗೆ ಬಿಟ್ಟು ಬರೂಮುಂದ. ಹೊಟ್ಟ್ಯಾಗ ನೀರ ತಿರಿವಿದಂಗ ಆಗಿತ್ತು. ಅಂಜಿಕಿ ಅದು. ಅಂವಗಲ್ಲ, ನನಗ.” ಇನ್ನೊಂದು ತುಂಡು ತೆಗೆದು, “ಇದು ನಮ್ಮವ್ವ ಹೋದಾಗಿಂದು. ಎದಿ ಮ್ಯಾಲ ಬೀಸೂ ಕಲ್ಲ ಇಟ್ಟಂಗ. ಅಳು ಬರ್ಲಿಲ್ಲ, ಭಾರ ಅಷ್ಟ. ಅತ್ತಿದ್ದು ನಾಕ ತಿಂಗಳಾದ ಮ್ಯಾಲ, ಮೆಂತೆ ಪಲ್ಲೆ ಸೋಸೂಮುಂದ.”

ಮಗಳು ಸೂಜಿ ನಿಲ್ಲಿಸಿ ಕೇಳಿದಳು, “ಮೆಂತೆ ಸೋಸೂಮುಂದ ಯಾಕ ಆಯಿ?”

“ಯಾಕ ಅಂದ್ರ? ಆಕಿ ಸೋಸೂ ಹಂಗ ಸೋಸಾಕತ್ತಿದ್ದೆ, ಅದಕ್ಕ.”

ಆಮೇಲೆ ಅತ್ತೆ, ಅಂಗಡಿಯಲ್ಲಿ ಉಪ್ಪು ಕೇಳುವಷ್ಟು ಸಾದಾ ದನಿಯಲ್ಲಿ ಕೇಳಿದರು, “ನಿನಗ ಎಲ್ಲಿ ಐತಿ?”

‘ಏನಿಲ್ಲ’ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಮಗಳು ನಿಜಕ್ಕೂ ಹುಡುಕಿದಳು. ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದಳು, ಎದೆಯ ಮೇಲೆ ಇಟ್ಟಳು, ಕಡೆಗೆ ಬೆರಳು ಕುತ್ತಿಗೆಗೆ ಹೋಯಿತು.

“ಇಲ್ಲಿ. ಗಂಟಲದಾಗ.”

“ನುಂಗಾಕ ಬರಂಗಿಲ್ಲ, ಉಗಳಾಕ ಬರಂಗಿಲ್ಲ?”

“ಹೌದು.”

“ಹಂಗಾರ ಯಾವದೋ ಮಾತ ಐತಿ. ಇರ್ಲಿ ಬಿಡು. ತಾನ ಬರ್ತೈತಿ. ಆ ಕೆಂಪ ತುಂಡ ಇತ್ತಾಗ ಕೊಡು.”

ಅವರು ಕೇಳುವುದನ್ನು ಅಲ್ಲಿಗೇ ಬಿಟ್ಟರು. ನಾನಾಗಿದ್ದರೆ ಬಿಡುತ್ತಿರಲಿಲ್ಲ, ಹೇಳು ಹೇಳು ಅಂತ ಪ್ರಾಣ ಹಿಂಡುತ್ತಿದ್ದೆ. ಆ ಕೆಂಪು ತುಂಡಿನ ಮೂರು ಸಾಲು ಹೊಲಿದು, ನಾಲ್ಕನೆಯ ಸಾಲಿನಲ್ಲಿ ಮಗಳು ತಲೆ ಎತ್ತದೆ ಹೇಳಿದಳು: ಮೊದಲನೇ ಸೆಮಿಸ್ಟರಿನಲ್ಲಿ ಒಂದು ಪೇಪರು ಹೋಗಿದೆ. ಫಲಿತಾಂಶ ಬಂದ ದಿನ ನಾನು ಫೋನಿನಲ್ಲಿ ‘ಹೆಂಗಾತು’ ಅಂದಾಗ ಆಕೆ ‘ಚಲೋ ಆತು’ ಅಂದಿದ್ದಳು. ಹೇಳಬೇಕು ಅಂತಲೇ ಇದ್ದಳಂತೆ. ಆಕೆ ಬಾಯಿ ತೆರೆಯುವ ಮುಂಚೆ ನಾನೇ, ‘ನಸುಕಿನ್ಯಾಗ ಎದ್ದು ಓದೂ ಹುಡುಗಿಗೆ ಚಲೋ ಆಗ್ದ ಏನಾಗ್ತೈತಿ’ ಅಂದೆನಂತೆ. ನನಗೆ ಅಂದ ನೆನಪೂ ಇಲ್ಲ. ಮೊಬೈಲು ನೋಡುತ್ತ ನಸುಕಿನವರೆಗೆ ಎಚ್ಚರಿರುವ ರೂಢಿ ಹಾಸ್ಟೆಲ್ಲಿಗೆ ಹೋದಾಗಿನಿಂದಲೇ ಹತ್ತಿತ್ತಂತೆ; ಅವತ್ತಿನಿಂದ ದೀಪ ಆರಿಸಿ ಕಣ್ಣು ಮುಚ್ಚಿದರೆ ಆ ಮಾತೂ ಗಂಟಲಿಗೆ ಬಂದು ಕೂರುತ್ತಿತ್ತು. ಮೊಬೈಲು ನೋಡುತ್ತಿದ್ದರೆ ಅದು ಇದ್ದದ್ದು ತಿಳಿಯುತ್ತಿರಲಿಲ್ಲ. ನಸುಕಾಗುವ ಹೊತ್ತಿಗೆ ನನ್ನ ಮೆಸೇಜು ಬರುತ್ತಿತ್ತು.

“ನೀ ಎದ್ದಿ, ನೀರ ತುಂಬಾಕತ್ತಿ ಅಂತ ಗೊತ್ತಾದ ಮ್ಯಾಲ ಒಂಥರಾ ಧೈರ್ಯ ಬರ್ತಿತ್ತು ಮಮ್ಮಿ. ಆಗ ನಿದ್ದಿ ಹತ್ತತಿತ್ತು. ಎಂಟಕ್ಕ ಎದ್ದು ಕ್ಲಾಸಿಗೆ ಓಡ್ತಿದ್ದೆ.”

ಅತ್ತೆ ನನ್ನ ಕಡೆ ತಿರುಗಿದರು. “ನಿನಗೆಲ್ಲಿ ಐತಿ?”

“ಏನಿಲ್ರಿ, ನಾ ಆರಾಮ ಅದೀನ್ರಿ,” ಅಂದುಬಿಟ್ಟೆ.

ಅಜ್ಜಿ ಮೊಮ್ಮಗಳು ಒಬ್ಬರ ಮುಖ ಒಬ್ಬರು ನೋಡಿ ಎಷ್ಟು ನಕ್ಕರೆಂದರೆ ಸೂಜಿ ಕೌದಿಯೊಳಗೆ ಎಲ್ಲೋ ಕಳೆದುಹೋಯಿತು. “ಇದನ್ನ ನೋಡಿ ಕಲತೀಯೇನು ನೀ?” ಅಂತ ಅತ್ತೆ ಮೊಮ್ಮಗಳ ಬೆನ್ನಿಗೊಂದು ಮೆಲ್ಲಗೆ ಹೊಡೆದರು. ಸೂಜಿ ಹುಡುಕಲು ಮೂವರೂ ಕೌದಿಯ ಮೇಲೆ ಅಂಗೈ ಆಡಿಸುತ್ತ ಕೂತೆವು. ಆಗ ನನಗೆ ನೆನಪಾಯಿತು, ಕಾನ್ವೆಂಟಿಗೆ ಹೋದ ಮೊದಲ ವರ್ಷ ಮನೆಯ ನೆನಪಾಗಿ ರಾತ್ರಿ ದಿಂಬು ಕಚ್ಚಿ ಅಳುತ್ತಿದ್ದೆ. ಮುಂಜಾನೆ ‘ಹೌ ಆರ್ ಯು’ ಅಂದರೆ ಎಲ್ಲರ ಜೊತೆ ರಾಗವಾಗಿ ‘ಫೈನ್, ಥ್ಯಾಂಕ್ಯೂ ಸಿಸ್ಟರ್’ ಅನ್ನುತ್ತಿದ್ದೆ. ಒಳ್ಳೆಯವರೇ ಅವರು, ಕೇಳುತ್ತಿದ್ದರು. ನಾನೇ ಹೇಳಲಿಲ್ಲ. ಆಮೇಲೆ ಮೂವತ್ತೈದು ವರ್ಷ ಯಾರು ಕೇಳಿದರೂ ಅದೇ ರಾಗ.

“ಮುಖದಾಗ್ರಿ ಅತ್ತಿ,” ಅಂದೆ. “ಕಪಾಳ ಬಿಸಿ ಆಗೈತ್ರಿ. ಓಣಿಗೆಲ್ಲ ಹೇಳಿಕೊಂಡು ಬಂದೀನಲ್ರಿ, ಅದಕ್ಕ.”

“ನಾಚಿಕಿ,” ಅಂದರು ಅತ್ತೆ, ಕಾಯಿಪಲ್ಲೆಯ ಹೆಸರು ಹೇಳಿದ ಹಾಗೆ. “ಭಾಳ ದಿನಾ ಇರಂಗಿಲ್ಲ ಅದು. ಸೂಜಿ ಸಿಕ್ತು ನೋಡು.”

ಆ ರಾತ್ರಿ ಮಗಳು ಒಂಬತ್ತೂವರೆಗೆ ಮಲಗಿದಳು. ಮರುದಿನ ನೀರು ಬಂತು. ಕೊಡ ಇಟ್ಟ ಸದ್ದಿಗೂ ಬ್ಯಾರಲ್ ಎಳೆದ ಸದ್ದಿಗೂ ಆಕೆ ಏಳಲಿಲ್ಲ. ನಾನು ಎರಡು ಸಲ ಹೋಗಿ ಆಕೆಯ ಮೂಗಿನ ಮುಂದೆ ಬೆರಳು ಹಿಡಿದು ನೋಡಿದೆ, ಕೂಸಿದ್ದಾಗ ನೋಡುತ್ತಿದ್ದ ಹಾಗೆ. ಬಾಯಿ ಸ್ವಲ್ಪ ತೆರೆದಿತ್ತು. ಎಂಟೂವರೆಗೆ ಎದ್ದು ಬಂದು, “ರೊಟ್ಟಿ ಐತೇನು?” ಅಂದಳು. ಎರಡು ರೊಟ್ಟಿ, ಝುಣಕ, ಒಂದು ಹಸಿ ಉಳ್ಳಾಗಡ್ಡಿ ತಿಂದು ಮತ್ತೆ ಹೋಗಿ ಮಲಗಿದಳು.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಅಂತಲ್ಲ. ನಡುವೆ ಎರಡು ರಾತ್ರಿ ಮತ್ತೆ ಹಾಸಿಗೆಯಲ್ಲಿ ನೀಲಿ ಬೆಳಕು ಕಂಡಿತು. ಒಂದು ದಿನ ನಾನೇ ಮಧ್ಯಾಹ್ನ ರಂಗೋಲಿಯ ವಿಡಿಯೋ ನೋಡುತ್ತ ಒಲೆಯ ಮೇಲಿನ ಹಾಲು ಉಕ್ಕಿಸಿದೆ. “ಮಮ್ಮಿ, ಡ್ರಮ್ಮಿನ್ಯಾಗ ಜಾಗಾ ಐತಿ ನೋಡು,” ಅಂದಳು ಮಗಳು. ಅಪ್ಪನಿಗೆ ಪೇಪರಿನ ಸುದ್ದಿಯನ್ನು ಆಕೆಯೇ ಹೇಳಿದಳು. ಅವರು ಅಂಗಡಿಯ ಬೀಗದ ಕೈ ತಿರುವುತ್ತ, “ಒಂದ ಹೋಗೇತಿ, ಉಳದಾವು ಅದಾವಲ್ಲ,” ಅಂದು ಊಟಕ್ಕೆ ಕೂತರು. ಇದಕ್ಕಾಗಿ ಹುಡುಗಿ ಇಷ್ಟು ರಾತ್ರಿ ಕಳೆದಳೇ ಅಂತ ನನಗೆ ಮತ್ತೆ ಕಪಾಳ ಬಿಸಿಯಾಯಿತು. ಎದುರುಮನೆಯಾಕಿಗೂ ನಾನೇ ಹೋಗಿ ಹೇಳಿದೆ: ನಮ್ಮಾಕಿ ನಾಲ್ಕೂವರೆಗೆ ಏಳುತ್ತಿರಲಿಲ್ಲ, ಆಗ ಮಲಗುತ್ತಿದ್ದಳು. ಆಕೆ, “ಹಂಗಾರ ನಮ್ಮಂವನ್ನ ಸುಮ್ನ ಬೈದ್ನೆಲ್ರಿ!” ಅಂತ ಹಣೆ ಬಡಕೊಂಡಳು. ಅಷ್ಟಕ್ಕೇ ಮುಗಿಯಿತು.

ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಕೌದಿ ನಡುವಿಗೆ ಬಂತು. ಒಂದು ಅಂಗೈಯಷ್ಟು ಜಾಗ ಉಳಿದಿತ್ತು. ಅತ್ತೆಯ ತವರಾದ ಸೂಡಿಯ ಪದ್ಧತಿ ಏನೆಂದರೆ, ಕಡೆಯ ತುಂಡು ಮುಚ್ಚುವ ಮುಂಚೆ ಒಳಗೆ ತಿನ್ನುವ ವಸ್ತು ಏನಾದರೂ ಇಡಬೇಕು. ಕೌದಿಗೂ ಹೊಟ್ಟೆ ತುಂಬಿರಬೇಕು, ಹೊದ್ದವರಿಗೆ ಆಗ ನೆಮ್ಮದಿ. ಅತ್ತೆ ಒಣ ರೊಟ್ಟಿಯ ಚೂರು ಇಟ್ಟರು. ನಾನು ಅವರು ಆ ಕಡೆ ತಿರುಗಿದಾಗ ಒಂದು ಬೆಲ್ಲದ ಹರಳೂ ಇಟ್ಟೆ. ಮಗಳು ಮುಚ್ಚಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದು, ಕೌದಿಯನ್ನು ಎತ್ತಿ ಮುಖಕ್ಕೆ ಹಿಡಿದು ವಾಸನೆ ನೋಡಿದಳು.

“ಇದನ್ನ ಹಾಸ್ಟೆಲ್ಲಿಗೆ ಒಯ್ಯಲೇನು ಆಯಿ?”

ಹೋಗುತ್ತೇನೆ ಅಂತ ಆಕೆ ಬೇರೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು, “ನೀರಿನ ಮೆಸೇಜ್ ಬಿಡಬ್ಯಾಡ ಮಮ್ಮಿ. ಹಾಕು. ನಾ ರಾತ್ರಿ ಮೊಬೈಲ್ ಬಂದ್ ಮಾಡಿ ಗೆಳತಿ ಕಪಾಟಿನ್ಯಾಗ ಇಡ್ತೀನಿ. ಎದ್ದ ಮ್ಯಾಲ ನೋಡ್ತೀನಿ.”

ಮೊದಲ ವಾರ ಫೋನಿನಲ್ಲಿ ಬಂದ ದೂರು ಒಂದೇ: ಕೌದಿಗೆ ಇರುವೆ ಹತ್ತಿವೆ, ರೂಮಿನವರೆಲ್ಲ ಬೈಯುತ್ತಿದ್ದಾರೆ, ಆಯಿ ಏನಿಟ್ಟಾಳ ಕೇಳು. ನಾನು ಬೆಲ್ಲದ ಮಾತು ಒಪ್ಪಿಕೊಂಡೆ. ಬಿಸಿಲಿಗೆ ಹಾಕಿ ಝಾಡಿಸಿದಳಂತೆ. ಬಿಚ್ಚಲಿಲ್ಲ.

ಪರೀಕ್ಷೆಯ ಹಿಂದಿನ ದಿನ ನಸುಕಿನಲ್ಲಿ ‘ಇವತ್ತೂ ಇಲ್ಲ’ ಅಂತ ಕಳಿಸಿದೆ. ಒಂದು ನಿಮಿಷದೊಳಗೆ ಉತ್ತರ ಬಂತು. ಸೂರ್ಯನ ಚಿತ್ರ ಇರಲಿಲ್ಲ. ‘ನಿದ್ದಿ ಬಂದಿಲ್ಲ. ಮೊಬೈಲ್ ಈಗ ತಗೊಂಡೆ. ಹೊಟ್ಟ್ಯಾಗ ಐತಿ ಮಮ್ಮಿ, ನೀರ ತಿರಿವಿದಂಗ’ ಅಂತ ಇತ್ತು. ಎರಡು ಸಲ ಓದಿದೆ. ಭಯವಾಗಬೇಕಿತ್ತು, ಆಗಲಿಲ್ಲ. ಫೋನು ಹಚ್ಚಿ, “ಅಂಜಿಕಿ ಅದು,” ಅಂದೆ. “ನನಗೂ ಅಲ್ಲೇ ಐತಿ.” “ಹೌದಾ?” ಅಂದಳು. ಫೋನು ಬಂದ್ ಮಾಡದೆ ಸ್ಪೀಕರು ಹಚ್ಚಿ ಕಟ್ಟೆಯ ಮೇಲಿಟ್ಟೆ. ನಾನು ಅಂಗಳ ಗುಡಿಸುತ್ತಿದ್ದೆ, ಕಸಬರಿಗೆಯ ಸದ್ದು ಕೇಳುತ್ತ ಆಕೆ ಮಲಗಿಬಿಟ್ಟಳು. ಫೋನು ಇಡುವುದನ್ನೂ ಮರೆತಿದ್ದಳು. ಉಸಿರು ಕೇಳುತ್ತಿತ್ತು.

ಪೇಪರುಗಳನ್ನು ಬರೆದಳು, ಹೋದದ್ದನ್ನೂ ಬರೆದಳು. ಫಲಿತಾಂಶ ಇನ್ನೂ ಬಂದಿಲ್ಲ. ಬರುತ್ತದೆ.

ಇವತ್ತು ಆರು ದಿನದ ಮೇಲೆ ನಳ ಕೆಮ್ಮಿತು. ಪೈಪು ಹಚ್ಚಿ, ಸೆರಗಿಗೆ ಕೈ ಒರೆಸಿಕೊಂಡು ‘ನೀರು ಬಂತು’ ಅಂತ ಕಳಿಸಿದೆ. ಮೆಸೇಜಿನ ಕೆಳಗೆ ಒಂದೇ ಒಂದು ಬೂದು ಟಿಕ್ ಗೀಟು ಬಿತ್ತು, ಎರಡನೆಯದು ಬೀಳಲಿಲ್ಲ. ಆಕೆಯ ಮೊಬೈಲು ಬಂದ್ ಇತ್ತು. ಟಾಕಿ ತುಂಬಿತು. ನೋಡಿದೆ, ಒಂದೇ ಗೀಟು. ಬ್ಯಾರಲ್ ತುಂಬಿತು, ಹಂಡೆ ತುಂಬಿತು, ಒಂದೇ ಗೀಟು. ಅತ್ತೆ ಎದ್ದು ಬಂದು ಕಟ್ಟೆಯ ಮೇಲೆ ಕೂತು, “ಮಲಗ್ಯಾಳೇನು?” ಅಂದರು.

“ಮಲಗ್ಯಾಳ್ರಿ,” ಅಂದೆ. ಅವರಿಗೆ ಚಹಾ ಇಟ್ಟೆ, ನನಗೂ ಅರ್ಧ ಕಪ್ಪು ಹೆಚ್ಚಿಗೆ ಇಟ್ಟುಕೊಂಡೆ. ಏಳೂ ನಲವತ್ತಕ್ಕೆ ಮೊಬೈಲು ಟಿಂಗ್ ಅಂದಿತು: ‘ಈಗ ಎದ್ದೆ. ಬ್ಯಾರಲ್ ತುಂಬಿಸಿದ್ಯಾ?’